ಬಲಗಡೆಯ ಕಿಟಕಿ

ಜನವರಿ 8, ಸೋಮವಾರ

ಇದು ದಿನಚರಿಗೆಂದು ಮಾಡಿದ ಪುಸ್ತಕವಲ್ಲ, ನನ್ನ ಹಾರಾಟದ ದಾಖಲೆ ಪುಸ್ತಕ. ತಾರೀಖು, ವಿಮಾನದ ನಂಬರು, ಹಾರಿದ ಗಂಟೆ, ಕೊನೆಗೆ ಅಗಲವಾದ ಒಂದು ಅಂಕಣ: ‘ಕಂಡದ್ದು’. ಅರ್ಧ ಪುಸ್ತಕ ಖಾಲಿ ಉಳಿದಿದೆ. ದಪ್ಪ ಕಾಗದ, ಬಿಸಾಡಲು ಮನಸ್ಸು ಬರಲಿಲ್ಲ. ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷ ನೌಕಾಪಡೆಯ ಗಸ್ತು ವಿಮಾನದಲ್ಲಿ ಬಲಗಡೆಯ ಕಿಟಕಿಗೆ ಕೂತು ಸಮುದ್ರ ನೋಡಿದೆ. ನೋಡುವುದೇ ಕೆಲಸ. ಇವತ್ತಿನಿಂದ ಪ್ರಧಾನ ಕಚೇರಿಯ ಮೂರನೇ ಮಹಡಿ, ಯೋಜನಾ ವಿಭಾಗ. ವರ್ಷದ ತಪಾಸಣೆಯಲ್ಲಿ ಕಿವಿ ಕೈಕೊಟ್ಟಿತು, ಹಾರಾಟ ಬಂದ್.

ನಿಜ ಹೇಳಬೇಕೆಂದರೆ ಅದು ಹಿಂದಿನ ವರ್ಷವೇ ಕೈಕೊಡಬೇಕಿತ್ತು. ಆಗ ಪರೀಕ್ಷೆ ಮಾಡುವವರು ಗಾಜಿನಾಚೆ ನನ್ನೆದುರೇ ಕೂತಿದ್ದರು. ಗುಂಡಿ ಒತ್ತುವಾಗ ಅವರ ಹೆಗಲು ಚೂರು ಏರುತ್ತಿತ್ತು. ಹೆಗಲು ಏರಿದಾಗಲೆಲ್ಲ ‘ಕೇಳಿಸಿತು’ ಎಂದು ಕೈ ಎತ್ತಿದೆ. ಮೈಲಿಗಟ್ಟಲೆ ದೂರದ ದೋಣಿ ಹಿಡಿಯುವವನಿಗೆ ಒಂದು ಹೆಗಲು ಯಾವ ಲೆಕ್ಕ? ಈ ಸಲ ಕೋಣೆ ಬದಲಾಗಿತ್ತು, ಅವರು ನನ್ನ ಬೆನ್ನ ಹಿಂದೆ ಕೂತರು. ಆಟ ಮುಗಿಯಿತು.

ಬಲಕಿವಿ ಮುಕ್ಕಾಲು ಹೋಗಿದೆಯಂತೆ, ಎಡಕಿವಿ ಕಾಲು. ಕಡಲೆಬೀಜದಷ್ಟು ದೊಡ್ಡ ಯಂತ್ರವೊಂದನ್ನು ಕೊಟ್ಟು ಕಳಿಸಿದರು. ಅದು ಡಬ್ಬಿಯಲ್ಲೇ ಇದೆ. ನನಗೆ ಬೇಕಾದ್ದೆಲ್ಲ ಕೇಳಿಸುತ್ತದೆ. ಈಗಿನ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲ, ಅದಕ್ಕೆ ನಾನೇನು ಮಾಡಲಿ.

ಇಲ್ಲಿ ನನ್ನ ಕಿಟಕಿ ಎಡಗಡೆಗಿದೆ, ಅದೊಂದು ತಮಾಷೆ. ಕಂಡದ್ದು: ಕಾರು ನಿಲ್ಲಿಸುವ ಜಾಗ, ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಒಂದು ಕಾಗೆ. ಬಲಗಡೆಯ ಮೇಜು ಒಬ್ಬ ಹೆಂಗಸಿನದು. ಸಮವಸ್ತ್ರವಿಲ್ಲ, ಮೂವತ್ತೈದರ ಆಸುಪಾಸು, ಯಾವ ಹಡಗು ಎಲ್ಲಿದ್ದರೆ ಏನಾಗುತ್ತದೆ ಎಂದು ದಿನವಿಡೀ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ನಾನು ಬಂದು ಕೂತರೂ ಪರದೆಯಿಂದ ಕಣ್ಣು ಕೀಳಲಿಲ್ಲ. ಲೆಕ್ಕದ ಮೇಡಂ ಎಂದು ಹೆಸರಿಟ್ಟಿದ್ದೇನೆ.

ಜನವರಿ 11, ಗುರುವಾರ

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ. ಇವತ್ತು ಗೋಡೆಯ ಮುಂದೆ ನಿಲ್ಲಿಸಿ ಪಾಠ ಮಾಡಿದರು. ಗೋಡೆಯ ತುಂಬ ಕಬ್ಬಿಣದ ಹಲಗೆ. ಅಡ್ಡಕ್ಕೆ ಮುಂದಿನ ಹದಿನೈದು ವರ್ಷ. ಅದರ ಮೇಲೆ ಅಯಸ್ಕಾಂತದ ತುಂಡುಗಳು: ಹಡಗು ನೀಲಿ, ಡ್ರೋನ್ ಹಳದಿ, ಗಸ್ತು ವಿಮಾನ ಹಸಿರು.

“ಈ ಕೊನೆ ಹಡಗಿನ ಚುಕ್ಕಾಣಿ ಹಿಡಿಯೋರು ಈಗ ಎಲ್ಲೋ ಮೂರನೇ ಕ್ಲಾಸಲ್ಲಿ ಮಗ್ಗಿ ಬಾಯಿಪಾಠ ಮಾಡ್ತಿದ್ದಾರೆ” ಎಂದರು.

ಡ್ರೋನಿನ ಲೆಕ್ಕವೂ ಹೇಳಿಕೊಟ್ಟರು. ಆಕಾಶದಲ್ಲಿ ಸದಾ ಒಂದು ಇರಬೇಕೆಂದರೆ ಮೂರು ಕೊಳ್ಳಬೇಕು. ಒಂದು ಹಾರುತ್ತಿರುತ್ತದೆ, ಒಂದು ದಾರಿಯಲ್ಲಿರುತ್ತದೆ, ಒಂದು ರಿಪೇರಿಯಲ್ಲಿರುತ್ತದೆ. ನನಗೆ ನಗು ಬಂತು. ನಾನು ಮೂರನೆಯದು.

ಆಮೇಲೆ ನಗು ಹೋಯಿತು. ಆರು ಹಸಿರು ತುಂಡುಗಳಲ್ಲಿ ನಾಲ್ಕನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡರು. ಹಳೆಯ ಆರು ವಿಮಾನಗಳ ಬದಲಿಗೆ ಹೊಸವು ಎರಡೇ ಬರುತ್ತವೆ, ಉಳಿದ ಕೆಲಸ ಡ್ರೋನಿಗೆ. ಅಂದರೆ ನಮ್ಮ ದಳ ಮುಚ್ಚುತ್ತದೆ. ಕಾರಣ, ಹೋದ ಆಗಸ್ಟಿನ ಪರೀಕ್ಷೆ. ಸಮುದ್ರದಲ್ಲಿ ಹನ್ನೆರಡು ಕಿತ್ತಳೆ ಬಣ್ಣದ ಡಬ್ಬ ತೇಲಿಬಿಟ್ಟಿದ್ದರು. ಒಂದೊಂದು ಡಬ್ಬವೂ ನೀರಿಗೆ ಬಿದ್ದ ಒಬ್ಬ ಮನುಷ್ಯ ಎಂದು ಲೆಕ್ಕ. ಡ್ರೋನ್ ಹನ್ನೊಂದು ಹುಡುಕಿತು, ನಮ್ಮ ವಿಮಾನ ಎಂಟು. ಆ ದಿನ ವಿಮಾನದಲ್ಲಿ ನಾನೂ ಇದ್ದೆ. ಸಮುದ್ರ ಒರಟಾಗಿತ್ತು, ವರದಿಯಲ್ಲೂ ಹಾಗೇ ಇದೆ.

“ಗಸ್ತು ವಿಮಾನದ ಅಧ್ಯಾಯ ನೀವೇ ಬರೀರಿ. ನಿಮ್ಮಷ್ಟು ಗೊತ್ತಿರೋರು ಇಲ್ಲಿ ಯಾರೂ ಇಲ್ಲ. ಮಾರ್ಚ್ ಹದಿನೈದಕ್ಕೆ ಸಮಿತಿ ಮುಂದೆ ಇಡಬೇಕು.”

ನನ್ನ ಕೈಯಿಂದಲೇ ನನ್ನ ಜನರ ಕುತ್ತಿಗೆ ಕೊಯ್ಯಿಸುವ ಏರ್ಪಾಡು ಇದು. ಬರೆಯುತ್ತೇನೆ. ಆ ನಾಲ್ಕು ಹಸಿರು ತುಂಡು ವಾಪಸು ಹಲಗೆಗೆ ಅಂಟಿಕೊಳ್ಳುವ ಹಾಗೆ ಬರೆಯುತ್ತೇನೆ.

ಜನವರಿ 14, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಅಕ್ಕನ ಫೋನು. ನನ್ನನ್ನು ಎತ್ತಿ ಆಡಿಸಿದವಳು. ಮೂವತ್ತು ವರ್ಷ ಸ್ಕೂಲಿನಲ್ಲಿ ಆಟದ ಟೀಚರಾಗಿದ್ದಳು, ಆ ಗಂಟಲಿಗೆ ಸೀಟಿ ಬೇಕಿರಲಿಲ್ಲ.

“ಕಿವಿಗೆ ಆ ಯಂತ್ರ ಹಾಕ್ಕೊಂಡಿದ್ದೀಯೇನೋ?”

“ಹಾಕ್ಕೊಂಡಿದ್ದೀನಕ್ಕಾ.”

“ಸುಳ್ಳು ಬೊಗಳ್ಬೇಡ. ಹಾಕ್ಕೊಂಡಿದ್ರೆ ನಾನು ಕಿರುಚಿದ್ದಕ್ಕೆ ಅಯ್ಯೋ ಅಂತಿದ್ದೆ. ಮನೇಲಿ ಒಬ್ಬಳು ಹೆಂಡ್ತಿ ಅಂತ ಇದ್ದಿದ್ರೆ ಕಿವಿ ಹಿಂಡಿ ಹಾಕಿಸ್ತಿದ್ಲು.”

ಹೆಂಡತಿಯ ವಿಷಯ ಬಂದರೆ ನಾನು ಮಾತು ತೇಲಿಸುತ್ತೇನೆ. ಸಮುದ್ರ ನೋಡುತ್ತ ನೋಡುತ್ತ ಮದುವೆಯ ವಯಸ್ಸು ದಾಟಿಹೋಯಿತು, ಅಷ್ಟೇ. ಅಕ್ಕನ ಮಾತು ಅಕ್ಷರ ಅಕ್ಷರವೂ ಕೇಳಿಸುತ್ತದೆ. ಅಂದಮೇಲೆ ಕಿವಿಗೇನೂ ಆಗಿಲ್ಲ.

ಜನವರಿ 25, ಗುರುವಾರ

ಹದಿನೆಂಟು ದಿನವಾಯಿತು. ಈ ಕಚೇರಿಯಲ್ಲಿ ನನ್ನೊಂದಿಗೆ ತಾವಾಗಿಯೇ ಒಂದು ಮಾತಾಡಿದವರು ಸಾಹೇಬರು ಮಾತ್ರ. ವಿಮಾನದಲ್ಲಿ ಒಂಬತ್ತು ಜನ, ಎಂಟು ಗಂಟೆ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ಇಲ್ಲಿ ಎಂಟು ಮೇಜು, ಎಂಟು ದ್ವೀಪ. ಲೆಕ್ಕದ ಮೇಡಂಗಂತೂ ಸೊಕ್ಕು. ಬೆಳಿಗ್ಗೆ ಒಂದು ನಮಸ್ಕಾರ ಹೇಳಿದರೆ ಗಂಟು ಹೋಗುತ್ತದೆಯೇ? ಊಟದ ಹೊತ್ತಿಗೆ ಡಬ್ಬಿ ಹಿಡಿದು ಎದ್ದು ನನ್ನ ಮೇಜಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಾರೆ, ಬಹುಶಃ ನಾನೇನು ಬರೆಯುತ್ತಿದ್ದೇನೆಂದು ಇಣುಕಲು, ಆಮೇಲೆ ಹೋಗುತ್ತಾರೆ. ನಾನು ತಲೆಯೆತ್ತುವುದಿಲ್ಲ.

ಸಂಜೆ ರಾಡಾರಣ್ಣ ಫೋನ್ ಮಾಡಿದ್ದ. ನಮ್ಮ ವಿಮಾನದ ರಾಡಾರ್ ನೋಡುವವನು, ನನಗಿಂತ ಮೂರು ವರ್ಷ ದೊಡ್ಡವನು, ಹದಿನಾಲ್ಕು ವರ್ಷ ನನ್ನ ಬೆನ್ನ ಹಿಂದೆ ಕೂತಿದ್ದವನು. ಏನೋ ಗೊಣಗೊಣ ಅಂದ. ಲೈನು ಸರಿಯಿರಲಿಲ್ಲ. “ಆಮೇಲೆ ಮಾತಾಡ್ತೀನಿ” ಎಂದು ಇಟ್ಟುಬಿಟ್ಟೆ.

ಇಟ್ಟಮೇಲೆ ಬೇಜಾರಾಯಿತು. ಮೊದಲೆಲ್ಲ ಪ್ರತಿ ಹಾರಾಟದ ಕೊನೆಯಲ್ಲಿ ಅವನು ಎರಡೂ ಕಿಟಕಿಯವರಿಗೆ ಹೇಳುತ್ತಿದ್ದ, “ಎಡ, ಥ್ಯಾಂಕ್ಸ್. ಬಲ, ಥ್ಯಾಂಕ್ಸ್.” ಯಾವ ನಿಯಮದಲ್ಲೂ ಇಲ್ಲದ್ದು, ಅವನದೇ ಪದ್ಧತಿ. ಕೊನೆಯ ಒಂದೆರಡು ವರ್ಷ ಅದನ್ನೂ ಬಿಟ್ಟ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿ ಹೇಳಿಸಿಕೊಳ್ಳುವುದರಲ್ಲಿ ಏನಿದೆ?

ಫೆಬ್ರವರಿ 1, ಗುರುವಾರ

ಮೇಡಂ ಈಗ ಚೀಟಿ ಬರೆದು ನನ್ನ ಮೇಜಿಗೆ ಅಂಟಿಸಲು ಶುರುಮಾಡಿದ್ದಾರೆ. ಮೂರಡಿ ದೂರದಲ್ಲಿ ಕೂತು ಚೀಟಿ! ಬಾಯಲ್ಲಿ ಮುತ್ತು ಉದುರಿಹೋಗುತ್ತವೆ ಎಂದೋ ಏನೋ. ಇವತ್ತಿನದು: ‘ಸಾರ್, ನಿಮ್ಮ ಕರಡಿನಲ್ಲಿ “ಮನುಷ್ಯನ ಕಣ್ಣಿಗೆ ಸಮವಿಲ್ಲ” ಎಂದು ನಾಲ್ಕು ಕಡೆ ಇದೆ. ಒಂದು ಕಡೆಯಾದರೂ ಅಂಕಿ ಅಂಶ ಕೊಡಿ.’

ಮೈ ಉರಿಯಿತು. ಸಿಟ್ಟು ಇಳಿದಮೇಲೆ ಓದಿದೆ. ನಾಲ್ಕಲ್ಲ, ಐದು ಕಡೆ ಇತ್ತು.

ಫೆಬ್ರವರಿ 6, ಮಂಗಳವಾರ

ಕಂಡದ್ದು: ಟ್ಯಾಂಕಿನ ಮೇಲೆ ಕಾಗೆಯೂ ಇಲ್ಲ.

ಫೆಬ್ರವರಿ 13, ಮಂಗಳವಾರ

ಊಟ ಬಿಟ್ಟು ಬರೆಯಲು ಕೂತಿದ್ದೇನೆ.

ಅಂಕಿ ಅಂಶ ಬೇಕಲ್ಲ, ಆಗಸ್ಟಿನ ಪರೀಕ್ಷೆಯ ಮೂಲ ಕಾಗದಗಳನ್ನೇ ತರಿಸಿದ್ದೆ. ಡ್ರೋನಿನ ಫಲಿತಾಂಶದಲ್ಲಿ ಎಲ್ಲಾದರೂ ಮೋಸ ಇರಬೇಕು, ಹಿಡಿದು ಸಾಹೇಬರ ಮುಂದೆ ಇಡಬೇಕು ಎಂದು. ಎರಡು ದಿನ ತಡಕಾಡಿದೆ. ಡ್ರೋನಿನದ್ದು ಅಪ್ಪಟ. ಹನ್ನೊಂದು ಡಬ್ಬ, ಹನ್ನೊಂದು ಚಿತ್ರ, ಸಮಯ ಸಮೇತ.

ಪೆಟ್ಟಿಗೆಯ ತಳದಲ್ಲಿ ನಮ್ಮ ವಿಮಾನದ್ದು ಇತ್ತು. ಡಬ್ಬಗಳ ಬಗ್ಗೆ ಒಳಗೆ ಆಡಿದ ಮಾತನ್ನೆಲ್ಲ ಟೈಪ್ ಮಾಡಿದ್ದಾರೆ. ನಮ್ಮ ಕ್ರಮ ಹೀಗೆ: ರಾಡಾರಿಗೆ ಚುಕ್ಕೆ ಕಂಡರೆ ರಾಡಾರಣ್ಣ ಆ ಕಡೆಯ ಕಿಟಕಿಯವನಿಗೆ ಹೇಳುತ್ತಾನೆ, “ಬಲ, ಎರಡು ಗಂಟೆ, ನಾಲ್ಕು ಮೈಲಿ.” ಗಡಿಯಾರದ ಮುಳ್ಳಿನಂತೆ ದಿಕ್ಕು. ಕಿಟಕಿಯವನು “ಕೇಳಿಸಿತು” ಎನ್ನಬೇಕು, ನೋಡಬೇಕು, ಆಮೇಲೆ “ಕಂಡಿತು”. ಕಣ್ಣು ಕಂಡರೆ ಮಾತ್ರ ಲೆಕ್ಕಕ್ಕೆ. ಬರೀ ಚುಕ್ಕೆ ಅಲೆಯೂ ಆಗಿರಬಹುದು.

ಎಡಗಡೆಗೆ ಆರು ಕರೆ. ಆರಕ್ಕೂ ‘ಕೇಳಿಸಿತು’, ಆರಕ್ಕೂ ‘ಕಂಡಿತು’.

ಬಲಗಡೆಗೆ ಆರು ಕರೆ. ಎರಡಕ್ಕೆ ಬರೀ ‘ಕಂಡಿತು’. ಅವೆರಡು ಕರೆಗೆ ಮೊದಲೇ ನನ್ನ ಕಣ್ಣಿಗೆ ಬಿದ್ದಿದ್ದವು, ನೆನಪಿದೆ. ಉಳಿದ ನಾಲ್ಕರ ಮುಂದೆ ಒಂದೇ ಮಾತು: ‘ಉತ್ತರವಿಲ್ಲ’. ಒಂದೊಂದಕ್ಕೂ ಎರಡೆರಡು ಸಲ ಕರೆದಿದ್ದಾನೆ. ಕೆಳಗೆ ಅವನ ದುಂಡನೆಯ ಕೈಬರಹ: ‘ಸಮುದ್ರ ಒರಟು.’

ಅದೇ ಸಮುದ್ರ ಎಡಗಡೆಗೂ ಇತ್ತಲ್ಲ.

ನಮ್ಮ ಹೆಡ್‌ಫೋನಿನಲ್ಲಿ ಎಡಕಿವಿಗೆ ಹೊರಗಿನ ರೇಡಿಯೋ ಬರುತ್ತದೆ, ಬಲಕಿವಿಗೆ ನಮ್ಮವರ ಮಾತು. ಇಷ್ಟು ವರ್ಷ ಅದನ್ನು ಹಾಕಿಕೊಂಡವನಿಗೆ ಇದು ಹೊಳೆಯಲಿಲ್ಲವಲ್ಲ. ಆ ದಿನ ವಿಮಾನ ಎಷ್ಟು ಶಾಂತವಾಗಿದೆ ಎಂದುಕೊಂಡಿದ್ದು ನೆನಪಾಗುತ್ತಿದೆ.

ಇದೇ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ಹೆಗಲು ನೋಡಿ ಪಾಸಾದ ದಿನದಿಂದ ಅರುವತ್ತೊಂದು ಹಾರಾಟ. ಅವುಗಳಲ್ಲಿ ನಿಜವಾದ ಮನುಷ್ಯರಿಗಾಗಿ ಹುಡುಕಾಟ ಮೂರು. ಮೂರರಲ್ಲೂ ಜನ ಬದುಕಿ ಸಿಕ್ಕರು, ಮೂರೂ ಸಲ ಎಡಗಡೆಯವನಿಗೆ. ಅವನ ಅದೃಷ್ಟ ಚೆನ್ನಾಗಿದೆ ಎಂದು ಆಗ ತಮಾಷೆ ಮಾಡಿದ್ದೆ.

ವಿಮಾನ ಸೋತಿರಲಿಲ್ಲ. ಸೋತದ್ದು ನಾನು. ನನ್ನಿಂದಾಗಿ ಆರರಲ್ಲಿ ನಾಲ್ಕು ಹೋಗುತ್ತಿವೆ. ಇದನ್ನು ಹೇಳಿದರೆ ತಪಾಸಣೆಯಲ್ಲಿ ಮೋಸ ಮಾಡಿದ್ದನ್ನೂ ಹೇಳಬೇಕು. ಅಂಗಿಯ ಮೇಲಿನ ರೆಕ್ಕೆ ಬಿಲ್ಲೆಯನ್ನು ಕಿತ್ತುಕೊಳ್ಳುತ್ತಾರೆ. ಹಾರಾಟ ನಿಂತರೂ ಸಾಯುವವರೆಗೆ ಹಾಕಿಕೊಳ್ಳಬಹುದಾದ ವಸ್ತು ಅದೊಂದೇ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಫೆಬ್ರವರಿ 14, ಬುಧವಾರ

ಜ್ವರ ಎಂದು ರಜೆ ಹಾಕಿದೆ. ಜ್ವರ ಇಲ್ಲ.

ಮಧ್ಯಾಹ್ನ ಡಬ್ಬಿ ತೆರೆದು ಯಂತ್ರವನ್ನು ಬಲಕಿವಿಗೆ ಸಿಕ್ಕಿಸಿದೆ. ಮೊದಲು ಯಾರೋ ಮನೆಯೊಳಗೆ ಬಂದರು ಎಂದು ಗಾಬರಿಯಾಯಿತು. ನನ್ನದೇ ಚಪ್ಪಲಿ. ಫ್ರಿಜ್ಜು ಗುರುಗುಡುತ್ತದೆ. ಮೇಲಿನ ಮನೆಯಲ್ಲಿ ಮಗುವೊಂದು ಓಡುತ್ತದೆ, ಅಲ್ಲಿ ಮಗು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ. ಕೆಳಗೆ ಕಲ್ಲಿನ ಮೇಲೆ ಕಂದು ಕಲೆ ಬಿದ್ದಿದೆ, ತಿಂಗಳುಗಟ್ಟಲೆಯಿಂದ ಸೋರುತ್ತಿರಬೇಕು. ಕಲೆಯನ್ನು ನೋಡಿದ್ದೆ. ನೋಡುವವನಲ್ಲವೇ ನಾನು.

ಬಚ್ಚಲ ಮೆಟ್ಟಿಲ ಮೇಲೆ ಕೂತು ತುಂಬಾ ಹೊತ್ತು ಆ ನಲ್ಲಿಯನ್ನೇ ಕೇಳಿದೆ. ಅಳು ಬಂತು. ಯಾರೂ ನೋಡುತ್ತಿರಲಿಲ್ಲ, ಅತ್ತೆ.

ಫೆಬ್ರವರಿ 15, ಗುರುವಾರ

ಯಂತ್ರ ಹಾಕಿಕೊಂಡೇ ಕಚೇರಿಗೆ ಹೋದೆ. ಕುರ್ಚಿ ಎಳೆದು ಕೂರುವಾಗ ಬಲಗಡೆಯಿಂದ ಸಣ್ಣ ದನಿ ಬಂತು, “ಗುಡ್ ಮಾರ್ನಿಂಗ್ ಸಾರ್.” ಪರದೆಯಿಂದ ಕಣ್ಣು ತೆಗೆಯದೆ, ಉತ್ತರದ ಆಸೆಯೇ ಇಲ್ಲದೆ, ಅಭ್ಯಾಸಬಲದಿಂದ ಹೇಳಿದ ಹಾಗೆ.

“ಗುಡ್ ಮಾರ್ನಿಂಗ್ ಮೇಡಂ” ಎಂದೆ.

ಅವರ ಕೈಯಿಂದ ಪೆನ್ನು ಬಿತ್ತು. ತಿರುಗಿ ನೋಡಿದರು, ಮೊದಲು ನನ್ನ ಮುಖ, ಆಮೇಲೆ ಕಿವಿ.

“ಅಯ್ಯೋ ದೇವ್ರೇ. ನಿಮಗೆ ಕೇಳಿಸ್ತಾನೇ ಇರಲಿಲ್ವಾ?”

“ಯಾವಾಗಿನಿಂದ ಹೇಳ್ತಿದ್ದೀರಿ?”

“ಮೊದಲನೇ ದಿನದಿಂದ. ದಿನಾ. ಊಟಕ್ಕೂ ದಿನಾ ಕರೀತಿದ್ದೆ, ಮೂರು ವಾರ ಆದ್ಮೇಲೆ ಬಿಟ್ಟೆ. ಸೊಕ್ಕಿನ ಮನುಷ್ಯ ಅಂದ್ಕೊಂಡಿದ್ದೆ.” ಬಾಯಿಗೆ ಕೈ ಅಡ್ಡ ಹಿಡಿದರು. “ತಪ್ಪು ತಿಳೀಬೇಡಿ.”

ನಾನು ಅವರ ಬಗ್ಗೆ ಏನಂದುಕೊಂಡಿದ್ದೆ ಎಂದು ಹೇಳಲಿಲ್ಲ. ಅದು ಈ ಪುಸ್ತಕದಲ್ಲಿದೆ, ಇಲ್ಲೇ ಇರಲಿ. ಇವತ್ತು ಊಟಕ್ಕೆ ಅವರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ನಾಚಿಕೆ.

ಫೆಬ್ರವರಿ 18, ಭಾನುವಾರ

ಬಸ್ಸು ಹಿಡಿದು ರಾಡಾರಣ್ಣನ ಮನೆಗೆ ಹೋದೆ, ವಿಮಾನ ನಿಲ್ದಾಣದ ಹಿಂದಿನ ವಸತಿಗೃಹಕ್ಕೆ. ಟೇಬಲ್ ಫ್ಯಾನು ಬಿಚ್ಚಿ ಹರಡಿಕೊಂಡು ಕೂತಿದ್ದ. ಕಿವಿಯ ಯಂತ್ರ ನೋಡಿ ನಕ್ಕ, ಆಮೇಲೆ ನಗು ನಿಲ್ಲಿಸಿದ.

“ಅಣ್ಣಾ, ಆಗಸ್ಟಿನ ಕಾಗದ ನೋಡ್ದೆ. ನಿನಗೆ ಗೊತ್ತಿತ್ತಾ?”

“ನನಗೊಬ್ಬನಿಗೇನೋ? ಇಡೀ ವಿಮಾನಕ್ಕೆ ಗೊತ್ತಿತ್ತು.” ಅವನ ದನಿ ಇಷ್ಟು ಮೆತ್ತಗೆ ಎನ್ನುವುದು ನನಗೆ ಮರೆತೇಹೋಗಿತ್ತು. “ನಿಜವಾದ ಹುಡುಕಾಟ ಬಂದ್ರೆ ಎಡಗಡೆಯವನು ಎರಡೂ ಕಡೆ ಓಡಾಡ್ತಿದ್ದ. ನೀನು ಒಂದೇ ಕಡೆ ನೋಡ್ತಾ ಕೂತಿರ್ತಿದ್ದೆ, ನಿನಗೆ ಕಾಣಿಸ್ತಿರಲಿಲ್ಲ.”

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಹಾರಾಟ ನಿಲ್ಲಿಸ್ತಿದ್ರು. ನಿನಗೆ ಮನೇಲಿ ಯಾರಿದ್ದಾರೆ?”

ಸಮಿತಿಯ ವಿಷಯ, ನಾಲ್ಕು ವಿಮಾನದ ವಿಷಯ ಎಲ್ಲ ಹೇಳಿದೆ. ಪರೀಕ್ಷೆಯಲ್ಲಿ ಬಿಟ್ಟ ನಾಲ್ಕು ಡಬ್ಬದಿಂದ ಇಷ್ಟೆಲ್ಲ ಆಗುತ್ತದೆಂದು ಅವರ್ಯಾರಿಗೂ ಗೊತ್ತಿರಲಿಲ್ಲ. ಅವನು ಫ್ಯಾನಿನ ರೆಕ್ಕೆಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ.

“ನಾನು ಸತ್ಯ ಬರೆದ್ರೆ ‘ಸಮುದ್ರ ಒರಟು’ ಅಂತ ಬರೆದವನ ಕುತ್ತಿಗೆಗೂ ಬರುತ್ತೆ ಅಣ್ಣಾ.”

“ನನ್ನ ಅಕ್ಷರಕ್ಕೆ ನಾನೇ ಜವಾಬ್ದಾರಿ. ನಿನ್ನ ರೆಕ್ಕೆ ಹೋಗುತ್ತಲ್ಲ, ಅದು ಯೋಚನೆ ಮಾಡು.” ಬಟ್ಟೆಯನ್ನು ಕೆಳಗಿಟ್ಟು, “ಬರೀ” ಎಂದ. “ಸುಳ್ಳು ಒಂದೇ ಸಲ ಸಾಕು. ಎರಡು ಸಲ ಹೇಳೋಕೆ ನನಗೂ ವಯಸ್ಸಾಯ್ತು.”

ಹೊರಡುವಾಗ ಬಸ್ಸಿನವರೆಗೂ ಬಂದ. ನನ್ನ ಬಲಗಡೆ ನಡೆಯುತ್ತಿದ್ದವನು ನೆನಪಾಗಿ ಎಡಗಡೆಗೆ ಬಂದ.

ಫೆಬ್ರವರಿ 21, ಬುಧವಾರ

ಒಂದು ಪುಟ ಬರೆದು ಮೇಡಂಗೆ ತೋರಿಸಿದೆ. ಯಾಕೆ ಅವರಿಗೆ ತೋರಿಸಿದೆನೋ. ಎರಡು ಸಲ ಓದಿದರು. ತಪಾಸಣೆ, ಹೆಗಲು, ಯಾವುದರ ಬಗ್ಗೆಯೂ ಒಂದು ಮಾತಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ‘ವಿಮಾನದ ನಿಜವಾದ ಅಂಕ ಹನ್ನೆರಡಕ್ಕೆ ಹನ್ನೆರಡು’ ಎಂದು ಬರೆದಿದ್ದೆ.

“ಇದು ತಪ್ಪು ಸಾರ್.”

“ಹೇಗೆ? ನಾನು ಕೇಳಿಸ್ಕೊಂಡಿದ್ರೆ ನಾಲ್ಕೂ ಕಾಣ್ತಿತ್ತು.”

“ಕಾಣ್ತಿತ್ತೋ ಇಲ್ವೋ ಯಾರಿಗೆ ಗೊತ್ತು? ಎಡಗಡೆ ಆರಕ್ಕೆ ಆರು. ಅದು ಬರೀರಿ. ಬಲಗಡೆ ಪರೀಕ್ಷೆ ಆಗೇ ಇಲ್ಲ. ಅದು ಬರೀರಿ. ಇನ್ನೊಂದು ಸಲ ಮಾಡಿ ಅಂತ ಕೇಳಿ. ಡ್ರೋನೇ ಗೆದ್ದರೂ ಗೆಲ್ಲಬಹುದು.”

ಅಂದರೆ ರೆಕ್ಕೆಯೂ ಹೋಗಿ, ವಿಮಾನವೂ ಹೋಗಬಹುದು. ಒಂದು ಗಳಿಗೆ ಇವರ ಮೇಲೆ ಹಳೆಯ ಸಿಟ್ಟು ಬಂತು. ಆಮೇಲೆ ಆ ಸಾಲನ್ನು ಹೊಡೆದುಹಾಕಿ ಅವರು ಹೇಳಿದ ಹಾಗೆ ಬರೆದೆ.

“ಊಟ ಆಯ್ತಾ ಸಾರ್?” ಎಂದು ಕೇಳಿದರು. ಹಸಿವಿಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ.

ಫೆಬ್ರವರಿ 23, ಶುಕ್ರವಾರ

ಕೊಟ್ಟೆ.

ಸಾಹೇಬರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ನಾನು ಓದಿಲ್ಲ ಅಂದ್ಕೊಂಡು ನೀವು ವಾಪಸ್ ತಗೊಂಡು ಹೋಗಬಹುದು. ಒಂದು ನಿಮಿಷ ನಾನು ಕಿಟಕಿ ಕಡೆ ನೋಡ್ತಾ ಇರ್ತೀನಿ.”

ನಿಜಕ್ಕೂ ಎದ್ದು ಕಿಟಕಿಗೆ ಮುಖ ಮಾಡಿ ನಿಂತರು. ದೊಡ್ಡ ಮನುಷ್ಯರು. ಕಾಗದ ಮೇಜಿನ ಮೇಲಿತ್ತು, ನನ್ನ ಕೈಗೆ ಎಟುಕುವಷ್ಟು ಹತ್ತಿರ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ಆ ಕೋಣೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂದು ಇವತ್ತೇ ಗೊತ್ತಾದದ್ದು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ತಿರುಗಿದರು. ಕಾಗದ ಅಲ್ಲೇ ಇತ್ತು. “ಸರಿ” ಎಂದು ಸಹಿ ಹಾಕಿ ತಾರೀಖು ಬರೆದರು.

ಫೆಬ್ರವರಿ 25, ಭಾನುವಾರ

ಅಕ್ಕನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ಅದಕ್ಕೇ ಭಯವಾಯಿತು. “ನೀನ್ಯಾಕೆ ಇವತ್ತು ಕಿರುಚ್ತಿಲ್ಲ?” ಎಂದು ಕೇಳಿದೆ.

“ಇವತ್ತು ಒಂದೇ ಸಲಕ್ಕೆ ಉತ್ತರ ಕೊಡ್ತಿದ್ದೀಯಲ್ಲೋ. ಮೂರು ವರ್ಷ ಗಂಟಲು ಹರ್ಕೊಂಡಿದ್ದೀನಿ, ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡು.”

ನಲ್ಲಿಯವನು ಬಂದು ವಾಷರ್ ಬದಲಿಸಿ ಹೋದ. ಮನೆ ಈಗ ತೀರಾ ಸುಮ್ಮನಿದೆ. ಇದು ಬೇರೆಯದೇ ಮೌನ. ಅದೂ ಕಷ್ಟವೇ.

ಮಾರ್ಚ್ 11, ಸೋಮವಾರ

ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎಲ್ಲ ಒಪ್ಪಿಕೊಂಡವನನ್ನು ಏನೆಂದು ಪ್ರಶ್ನಿಸುತ್ತಾರೆ? ರಾಡಾರಣ್ಣನಿಗೆ ಎಚ್ಚರಿಕೆಯ ಪತ್ರ, ಕೆಲಸಕ್ಕೆ ತೊಂದರೆ ಇಲ್ಲ. ಬಲಗಡೆ ನೋಡಲೆಂದು ಓಡಾಡಿದವನಿಗೆ ಏನೂ ಇಲ್ಲ, ಅವನ ವಿಷಯ ನಾನು ಹೇಳಲಿಲ್ಲ. ನನ್ನ ಬಿಲ್ಲೆಯನ್ನು ಅವರು ಕೇಳುವ ಮೊದಲೇ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಅಂಗಿಯಲ್ಲಿ ಎರಡು ಸಣ್ಣ ತೂತು ಉಳಿದಿವೆ. ಇಸ್ತ್ರಿ ಹಾಕಿದರೂ ಹೋಗುವುದಿಲ್ಲ, ಈಗ ತಾನೆ ನೋಡಿದೆ.

ಸಮಿತಿಯ ಸಭೆ ಮುಂದೂಡಿದ್ದಾರೆ. ಪರೀಕ್ಷೆ ಮತ್ತೆ ನಡೆಯುತ್ತದೆ.

ಮಾರ್ಚ್ 26, ಮಂಗಳವಾರ

ನೆಲದ ಮೇಲಿನ ನಿಯಂತ್ರಣ ಕೋಣೆಯಲ್ಲಿ ಕೂತು ಕೇಳಲು ಸಾಹೇಬರು ಒಪ್ಪಿಗೆ ಕೊಟ್ಟಿದ್ದರು. ಅಂಕ ಬರೆದುಕೊಳ್ಳಲು ಮೇಡಂ ಬಂದಿದ್ದರು, ನನ್ನ ಬಲಗಡೆ ಕೂತರು. ಪರೀಕ್ಷೆಗೆಂದು ವಿಮಾನದೊಳಗಿನ ಮಾತೆಲ್ಲ ಇಲ್ಲಿಗೂ ಬರುವ ಹಾಗೆ ಮಾಡಿದ್ದರು. ಯಂತ್ರದ ಮೇಲೆ ಹೆಡ್‌ಫೋನ್ ಇಟ್ಟರೆ ಸಿಳ್ಳೆ ಹೊಡೆಯುತ್ತದೆ. ಸ್ವಲ್ಪ ಓರೆ ಮಾಡಿದಮೇಲೆ ಸರಿಹೋಯಿತು.

ನನ್ನ ಕಿಟಕಿಯಲ್ಲಿ ಈಗ ಹೊಸಬಳು. ದನಿ ಗಟ್ಟಿಯಾಗಿದೆ.

“ಬಲ, ಮೂರು ಗಂಟೆ, ಐದು ಮೈಲಿ.” ರಾಡಾರಣ್ಣ.

“ಕೇಳಿಸಿತು.” ಮೂರು ಸೆಕೆಂಡು, ನಾಲ್ಕು. “ಕಂಡಿತು.”

ಮೇಡಂ ಒಂದು ಗೆರೆ ಎಳೆದರು. ಬಲಗಡೆ ಆರಕ್ಕೆ ಆರೂ ಅವಳು ಹಿಡಿದಳು. ಎಡಗಡೆ ಒಂದು ತಪ್ಪಿತು, ಸೂರ್ಯನ ಬೆಳಕು ನೇರ ಕಣ್ಣಿಗೆ ಬಿತ್ತಂತೆ. ವಿಮಾನ ಹನ್ನೊಂದು. ಡ್ರೋನೂ ಹನ್ನೊಂದು. ಡ್ರೋನ್ ಬಿಟ್ಟದ್ದು ಬೇರೆ ಡಬ್ಬ.

“ಎರಡೂ ಸೇರಿದ್ರೆ ಹನ್ನೆರಡು” ಎಂದರು ಮೇಡಂ. ಸಾಹೇಬರು ಅವರ ಕಾಗದ ನೋಡಿದರು. “ಹಸಿರು ತುಂಡು ನನ್ನ ಡ್ರಾಯರಲ್ಲಿವೆ. ಎರಡು ತೆಗೆದಿಡಿ, ನಾಳೆ ಹಲಗೆಗೆ ಹಾಕೋಣ” ಎಂದು ಹೇಳಿ ಫೋನ್ ಮಾಡಲು ಹೊರಗೆ ಹೋದರು. ಅಂದರೆ ಎರಡಲ್ಲ, ನಾಲ್ಕು ವಿಮಾನ. ನಮ್ಮ ದಳ ಉಳಿಯಿತು. ನಾನು ಕೇಳಿದ್ದು ಆರು, ಆದರೂ ಎದೆ ಹಗುರಾಯಿತು.

ಎಲ್ಲ ಮುಗಿಯಿತೆಂದು ಹೆಡ್‌ಫೋನ್ ತೆಗೆಯಲು ಹೋದೆ. ಆಗ ಆ ಮೆತ್ತನೆಯ ದನಿ, ಹೆಚ್ಚುಕಡಿಮೆ ತನ್ನಷ್ಟಕ್ಕೇ ಹೇಳಿಕೊಂಡಂತೆ, ಬಂತು.

“ಎಡ, ಥ್ಯಾಂಕ್ಸ್. ಬಲ, ಥ್ಯಾಂಕ್ಸ್.”

ಅವನು ಬಿಟ್ಟಿರಲಿಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ಅರುವತ್ತೊಂದು ಹಾರಾಟ, ಅದಕ್ಕೂ ಹಿಂದಿನವು, ಪ್ರತಿಯೊಂದರ ಕೊನೆಗೂ ಹೇಳಿ, ನನ್ನ ಉತ್ತರಕ್ಕೆ ಒಂದು ಗಳಿಗೆ ಕಾದು, ಸುಮ್ಮನಾಗಿದ್ದಾನೆ.

ನನ್ನ ಮುಂದಿನ ಮೈಕು ಆಫ್ ಇತ್ತು.

“ಕೇಳಿಸಿತು” ಎಂದೆ.

“ಏನಂದ್ರಿ ಸಾರ್?” ಬಲಗಡೆಯಿಂದ ಮೇಡಂ ಕೇಳಿದರು.

“ಊಟಕ್ಕೆ ಹೋಗೋಣ್ವಾ ಅಂದೆ.”